ಸಾಲದ ಸಮೇತ ಕಾಶಿಗೆ

ಸಾಲ ಮಾಡಿದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಉಣ್ಣುತ್ತಾರೆ, ಉಡುತ್ತಾರೆ, ಸಿನಿಮಾ ನೋಡುತ್ತಾರೆ; ಸಾಲ ಕೊಟ್ಟವನು ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ. ಮಧ್ವರಾಜ ಭಟ್ಟರು ಆ ಪೈಕಿ ಅಲ್ಲ ಮಾರಾಯ್ರೆ. ಅವರು ಸಾಲ ಕೊಟ್ಟವರ ಮನೆಗೆ ತಾವೇ ಹುಡುಕಿಕೊಂಡು ಹೋಗುತ್ತಿದ್ದರು, ಯಾರೂ ಕೇಳದೆ, ಪ್ರತಿ ತಿಂಗಳು ಒಂದನೇ ತಾರೀಕು, ಮದ್ರಾಸಿನ ಟಿ. ನಗರದಲ್ಲಿ 12ಬಿ ಬಸ್ಸು ಹತ್ತಿ. ಜೇಬಿನಲ್ಲಿ ಸಾವಿರ ರೂಪಾಯಿ, ಜೇಬಿಗೊಂದು ಪಿನ್ನು, ಪಿನ್ನಿನ ಮೇಲೆ ಎಡಗೈ. ಮೈಲಾಪೂರಿನಲ್ಲಿ ಇಳಿದು, ರಮಾಬಾಯಿಯವರ ಮನೆಯ ಮೆಟ್ಟಿಲು ಹತ್ತಿ, ಆ ಹಣ ಅವರ ಕೈಗೆ ಹಾಕುವವರೆಗೆ ಆ ಎಡಗೈ ಕದಲುತ್ತಿರಲಿಲ್ಲ. ಬಸ್ಸು ಬ್ರೇಕು ಹಾಕಿದಾಗಲೆಲ್ಲ ಬಲಗೈ ಒಂದರಲ್ಲೇ ಕಂಬಿ ಹಿಡಿದು ಜೋಲಿ ಹೊಡೆಯುವ ಈ ಮನುಷ್ಯನನ್ನು ಕಂಡು ಒಬ್ಬ ಕಂಡಕ್ಟರು, "ಎನ್ನ ಸಾಮಿ, ನೆಂಜು ವಲಿಯಾ?" ಎಂದು ಎದೆನೋವಿಗೆ ಗಾಬರಿಪಟ್ಟದ್ದೂ ಉಂಟು.

ಸಾಲ ಆದದ್ದು ತೊಂಬತ್ತೆಂಟರಲ್ಲಿ, ಒಬ್ಬಳೇ ಮಗಳು ಪ್ರಣಮ್ಯಾಳ ಮದುವೆಗೆ. ಐವತ್ತು ಸಾವಿರ. ಕೊಟ್ಟವರು ಭಟ್ಟರು ದೋಸೆ ಹುಯ್ಯುವ ಹೋಟೆಲಿನ ಧಣಿ ಗುರುಚರಣರಾಯರಲ್ಲ; ಅವರ ಕೈಯಿಂದ ಒಂದು ಕಾಸು ಹೆಚ್ಚು ಉದುರಬೇಕಾದರೆ ಪಂಚಾಂಗ ನೋಡಬೇಕು. ಕೊಟ್ಟವರು ಅವರ ತಾಯಿ ರಮಾಬಾಯಿ. ತೀರಿಹೋದ ಗಂಡ ಬಿಟ್ಟುಹೋದ ಸ್ವಂತ ಹಣದಲ್ಲಿ, ಪತ್ರ ಇಲ್ಲ, ಸಾಕ್ಷಿ ಇಲ್ಲ. ಭಟ್ಟರು ಬಡ್ಡಿ ಎಂದು ಬಾಯಿ ತೆರೆದದ್ದಷ್ಟೇ, ಮುದುಕಿ ಗದರಿಬಿಟ್ಟರು: "ಪೋರುಂ, ಸಾಕು! ನಿನ್ನ ಕೈಯಿಂದ ಇಷ್ಟು ವರ್ಷ ದೋಸೆ ತಿಂದಿದೀನಿ. ಬಡ್ಡಿ ಅನ್ನೋ ಮಾತು ಇನ್ನೊಂದು ಸಲ ಬಂತೋ, ಅಸಲೂ ಕೊಡಲ್ಲ ಹೋಗು."

ಅಂದಿನಿಂದ ಭಟ್ಟರಿಗೆ ಆ ಸಾಲ ಒಂದು ಕಡೆ, ಉಳಿದ ಲೋಕವೆಲ್ಲ ಒಂದು ಕಡೆ. ಹೊಸ ಪಂಚೆ ತೆಗೆದುಕೊಳ್ಳಲಿಲ್ಲ. ನಶ್ಯ ಬಿಟ್ಟರು. ಭಾನುವಾರ ಮಧ್ಯಾಹ್ನ ಮರೀನಾಕ್ಕೆ ಹೋಗಿ ಮರಳಿನಲ್ಲಿ ಕೂತು ಬರುವ ಅಭ್ಯಾಸ ಇತ್ತು, ಬಸ್ಸಿನ ಚಾರ್ಜು ದಂಡ ಎಂದು ಅದನ್ನೂ ಬಿಟ್ಟರು. 2001ರ ಫೆಬ್ರವರಿಯ ಒಂದನೇ ತಾರೀಕಿಗೆ ಮೂವತ್ತಮೂರು ಕಂತು ಕಟ್ಟಿ ಆಗಿತ್ತು. ಇನ್ನು ಹದಿನೇಳು ಸಾವಿರ.

ಭಟ್ಟರ ಕೆಲಸವನ್ನು ನೀವು ನೋಡಬೇಕಿತ್ತು. ಪಾಂಡಿ ಬಜಾರಿನ ಬದಿಯ ಸುಧಾಮ ಭವನದಲ್ಲಿ ಮೂವತ್ತೊಂದು ವರ್ಷದಿಂದ ಅವರು ದೋಸೆ ಕಾವಲಿಯ ಎದುರು ನಿಂತವರು. ನೀರು ಚಿಮುಕಿಸಿದಾಗ ಏಳುವ ಚುಂಯ್ ಸದ್ದು ಕೇಳಿಯೇ ಕಾವಲಿಯ ಹದ ಹೇಳುತ್ತಿದ್ದರು. ಕಣ್ಣು ಕಟ್ಟಿ ನಿಲ್ಲಿಸಿದರೂ ಸೈ. ದೀಪಾವಳಿಯ ಮೊದಲಿನ ವಾರ ಟಿ. ನಗರಕ್ಕೆ ಸೀರೆ ತೆಗೆಯಲು ಬಂದವರೆಲ್ಲ ಚೀಲ ಹೊತ್ತುಕೊಂಡು ಹೋಟೆಲಿಗೆ ನುಗ್ಗಿದಾಗ, ಒಂದೇ ಕಾವಲಿಯಲ್ಲಿ ಹನ್ನೆರಡು ದೋಸೆ ಹುಯ್ದು ಒಂದನ್ನೂ ಸೀಯಿಸದೆ ತೆಗೆಯುತ್ತಿದ್ದ ಕೈ ಅದು. ಎಲ್ಲಾದರೂ ಒಂದು ಹರಿದರೆ ಅದನ್ನು ಗಿರಾಕಿಗೆ ಕಳಿಸುತ್ತಿರಲಿಲ್ಲ, ಬಿಸಾಡುತ್ತಲೂ ಇರಲಿಲ್ಲ, ತೆಗೆದಿಟ್ಟು ತಾವೇ ತಿನ್ನುತ್ತಿದ್ದರು. ನನ್ನ ತಪ್ಪನ್ನು ನಾನೇ ತಿನ್ನಬೇಕಲ್ಲ ಎನ್ನುವುದು ಅವರ ವಾದ. ದಿನಕ್ಕೆ ಹನ್ನೊಂದು ಗಂಟೆ ನಿಂತು ನಿಂತು ಮೊಣಕಾಲಿನ ಕೆಳಗೆ ನರಗಳು ಹಗ್ಗದ ಹಾಗೆ ಉಬ್ಬಿಕೊಂಡಿದ್ದವು. ಒಬ್ಬ ಡಾಕ್ಟರನ್ನು ಬಿಟ್ಟರೆ ಅದನ್ನು ಅವರು ಯಾರಿಗೂ ತೋರಿಸಿರಲಿಲ್ಲ.

ಕುಂದಾಪುರದಿಂದ ಆಚೆ ನಾವುಂದದ ಕಡೆಯವರು. ಅಲ್ಲಿಂದ ಮದ್ರಾಸಿಗೆ ಹೋಟೆಲಿಗೆಂದು ಬಂದ ಗಂಡಸರ ಸಂಸಾರ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಗೊತ್ತು. ಗಂಡ ಹೋಟೆಲಿನ ಮಾಳಿಗೆಯಲ್ಲಿ ಎಂಟು ಜನರ ನಡುವೆ ಒಂದು ಚಾಪೆ, ಒಂದು ಟ್ರಂಕು. ಹೆಂಡತಿ ಊರಿನಲ್ಲಿ ಅತ್ತೆಯ ಜೊತೆ. ವರ್ಷಕ್ಕೆ ಇಪ್ಪತ್ತೊಂದು ದಿನ ರಜೆ. ಆ ಇಪ್ಪತ್ತೊಂದು ದಿನವಾದರೂ ಗಂಡ ಹೆಂಡತಿಗೆ ಸಿಗುತ್ತಾನೆಯೇ? ಹೆಂಚು ಸರಿ ಮಾಡಿಸಬೇಕು, ಅಪ್ಪನ ತಿಥಿ ಮಾಡಬೇಕು, ಕರೆದವರ ಮನೆಯ ಉಪನಯನಕ್ಕೆಲ್ಲ ಹೋಗಿ ಮುಖ ತೋರಿಸಬೇಕು. ರಾತ್ರಿ ಆದರೆ ಮನೆ ತುಂಬ ನೆಂಟರು, ಚಾವಡಿಯಲ್ಲಿ ಗಂಡಸರು, ಒಳಗೆ ಹೆಂಗಸರು. ರಜೆ ಮುಗಿದು ಬಸ್ಸು ಹತ್ತುವಾಗ ಭಟ್ಟರು "ಹೋಗಿ ಬರ್ತೆ" ಎನ್ನುತ್ತಿದ್ದರು, ಹೆಂಡತಿ ತುಂಗಾ "ಹ್ಞೂಂ" ಎನ್ನುತ್ತಿದ್ದಳು. ಅಷ್ಟು ಮಾತಿಗೆ ಮತ್ತೊಂದು ವರ್ಷ ನಡೆಯಬೇಕು.

ಈ ತುಂಗಾ ಏನು ಕಡಿಮೆಯವಳಲ್ಲ. ಹಿತ್ತಲಲ್ಲಿ ಮಲ್ಲಿಗೆ ಬಳ್ಳಿ ಹಬ್ಬಿಸಿ, ನಸುಕಿಗೆದ್ದು ಮೊಗ್ಗು ಕೊಯ್ದು, ಕಟ್ಟಿ, ಬೈಂದೂರಿಗೆ ಹೋಗುವ ಮೊದಲ ಬಸ್ಸಿಗೆ ಮುಟ್ಟಿಸುತ್ತಿದ್ದಳು. ದಿನಾ ಸಂಜೆ ಮನೆಬಾಗಿಲಿಗೆ ಬರುವ ಬ್ಯಾಂಕಿನ ಪಿಗ್ಮಿಯವನ ಕೈಗೆ ಐದು ರೂಪಾಯಿ ಉಳಿತಾಯ. ಹನ್ನೊಂದು ವರ್ಷ ಹೀಗೆ. ಹಬ್ಬ ಬರಲಿ, ಜ್ವರ ಬರಲಿ, ಐದು ರೂಪಾಯಿ ತಪ್ಪಿದ್ದಿಲ್ಲ. ಮಗಳ ಮದುವೆಗೆ ಅದನ್ನು ಮುರಿಯುತ್ತೇನೆ ಎಂದಾಗ ಭಟ್ಟರೇ ಬೇಡ ಎಂದಿದ್ದರು. ಅದು ನಿನ್ನ ಹಣ, ಮದುವೆ ಮಾಡುವುದು ಅಪ್ಪನ ಕೆಲಸ ಎಂದು ಹಟ ಹಿಡಿದು ಅಷ್ಟನ್ನೂ ಸಾಲ ಮಾಡಿದ್ದರು.

ಫೆಬ್ರವರಿಯಲ್ಲಿ ತುಂಗಾಳ ಕಾಗದ ಬಂತು. ಇನ್‌ಲ್ಯಾಂಡಿನ ಮೂರು ಮಗ್ಗುಲೂ ತುಂಬಿಸಿ ಬರೆಯುವ ಜಾತಿಯಲ್ಲ ಅವಳದು. ಯಾವಾಗಲೂ ನಾಲ್ಕು ಸಾಲು. ಈ ಸಲ ಒಂದು ಮಗ್ಗುಲು ಪೂರ್ತಿ ಇತ್ತು.

"ಅತ್ತೆಯ ವರ್ಷಾಂತಿಕ ಮುಗಿಯಿತು. ಇನ್ನು ಮನೆಯಲ್ಲಿ ನನ್ನನ್ನು ಕಾಯುವವರು ಯಾರೂ ಇಲ್ಲ, ಬೆಕ್ಕು ಬಿಟ್ಟರೆ. ಪಿಗ್ಮಿಯಲ್ಲಿ ಇಪ್ಪತ್ತು ಸಾವಿರದ ಮೇಲೆ ಉಂಟು. ನಾವು ಕಾಶಿಗೆ ಹೋಗಿ ಬರುವ. ಟೂರಿನವರ ಜೊತೆ ಬೇಡ, ಭಾವ ಅಕ್ಕ ಯಾರೂ ಬೇಡ. ನಮ್ಮ ಮದುವೆಯಾಗಿ ಇಪ್ಪತ್ತೇಳು ವರ್ಷ. ವರ್ಷಕ್ಕೆ ಇಪ್ಪತ್ತೊಂದು ದಿನದ ಹಾಗೆ ನಾನು ಕೂಡಿಸಿ ನೋಡಿದೆ. ನಾವು ಒಟ್ಟಿಗೆ ಇದ್ದದ್ದು ಒಂದು ವರ್ಷ ಏಳು ತಿಂಗಳು ಸಹ ಪೂರಾ ಆಗುವುದಿಲ್ಲ. ಆದಷ್ಟು ಬೇಗ ಜವಾಬು ಬರೆಯಿರಿ."

ಭಟ್ಟರು ಅದನ್ನು ಹಿಟ್ಟಿನ ಡಬ್ಬಿಯ ಪಕ್ಕ ನಿಂತು ಓದಿದರು. ಇನ್ನೊಮ್ಮೆ ಓದಿದರು. ಆ ಲೆಕ್ಕ ಸರಿಯೋ ಎಂದು ಬೆರಳು ಮಡಚಿ ತಾವೂ ಎಣಿಸಿದರು. ಸರಿಯೇ ಇತ್ತು. ಅಯ್ಯೋ ದೇವರೇ ಎಂದು ಒಂದು ಗಳಿಗೆ ಹಾಗೆಯೇ ನಿಂತುಬಿಟ್ಟರು. ಅಷ್ಟರಲ್ಲಿ ಕಾವಲಿಯ ಮೇಲೆ ನಾಲ್ಕು ದೋಸೆ ಕರಕಲಾದವು. ಆ ದಿನ ಮಧ್ಯಾಹ್ನದ ಊಟಕ್ಕೆ ಅವರಿಗೆ ಅವೇ ಗತಿಯಾದವು.

ಅವರಿಗೂ ಹೋಗುವ ಆಸೆ ಇರಲಿಲ್ಲವೇ? ಇತ್ತು. ಆದರೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು ಒಂದಿತ್ತು. ಅವರ ಅಪ್ಪ ತಿರುಪತಿಗೆ ಹೊರಡುವ ಮುಂಚೆ ಶೆಟ್ಟರ ಅಂಗಡಿಯ ಒಂದೂಕಾಲು ರೂಪಾಯಿ ಬಾಕಿ ಕೊಡಲು ಎರಡು ಮೈಲಿ ನಡೆದು ಹೋದವರು. ಸಾಲ ಉಳಿಸಿಕೊಂಡು ಯಾತ್ರೆ ಮಾಡಿದರೆ ಆ ಪುಣ್ಯವೆಲ್ಲ ಸಾಲ ಕೊಟ್ಟವರಿಗೆ ಸೇರುತ್ತದೆ, ಹೋದವನಿಗೆ ಸಿಗುವುದು ಕಾಲುನೋವು ಮಾತ್ರ ಎಂದು ಅಪ್ಪ ಹೇಳಿದ್ದರು. ಭಟ್ಟರು ಅದನ್ನು ಸಂಧ್ಯಾವಂದನೆಯಷ್ಟೇ ಗಟ್ಟಿಯಾಗಿ ನಂಬಿದ್ದರು. ಹೆಂಡತಿ ಹನ್ನೊಂದು ವರ್ಷ ನಸುಕಿಗೆದ್ದು ಕೂಡಿಸಿದ ಹಣದಲ್ಲಿ ಕಾಶಿಗೆ ಹೋಗಿ, ಅವಳ ಪಾಲಿಗೆ ಏನೂ ಉಳಿಯದ ಹಾಗೆ ಮಾಡುವುದೇ? ಅದು ಕಳ್ಳತನಕ್ಕಿಂತ ಕಡೆ ಎನಿಸಿತು ಅವರಿಗೆ. ಹಾಗೆಂದು ಅವಳ ಹಣದಿಂದಲೇ ಸಾಲ ತೀರಿಸುತ್ತೇನೆ ಎಂದು ಕೇಳುವ ನಾಲಿಗೆಯೂ ಅವರದಲ್ಲ.

ಭಟ್ಟರ ಸಂಕಟ ಕೇಳಿ ಕ್ಯಾಶ್ ಮೇಜಿನ ಬಾಬು ನಕ್ಕುಬಿಟ್ಟ. ಅವನು ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯಲ್ಲೇ. "ಸ್ವಾಮಿ, ಹೊರಗೆ ನೋಡಿ. ಈ ಟಿ. ನಗರ ನಡೆಯೋದೇ ಸಾಲದ ಮೇಲೆ. ಟಿವಿ ಕಂತಿನ ಮೇಲೆ, ನೆಕ್ಲೆಸ್ ಕಂತಿನ ಮೇಲೆ. ನಮ್ಮ ಪಕ್ಕದ ಮನೆಯವರು ಸಿಂಗಪುರಕ್ಕೇ ಕಂತಿನ ಮೇಲೆ ಹೋಗಿ ಬಂದ್ರು. ನೀವು ಮಾತ್ರ ಎಲ್ಲಿಂದ ಬಂದ್ರಪ್ಪಾ ಹೀಗೆ!"

"ಸಿಂಗಪುರದಲ್ಲಿ ಪುಣ್ಯ ಇಲ್ಲ ಮಾರಾಯ," ಅಂದರು ಭಟ್ಟರು. "ಅದಕ್ಕೇ ಅವರಿಗೆ ನಷ್ಟ ಆಗಲಿಲ್ಲ."

ಮೂರು ದಿನ ಒದ್ದಾಡಿ ಜವಾಬು ಬರೆದರು. "ಸಾಲ ಇಟ್ಟುಕೊಂಡು ಯಾತ್ರೆ ಮಾಡಬಾರದು. ಮಾಡಿದರೆ ಪುಣ್ಯ ರಮಾಬಾಯಿಯವರಿಗೆ ಹೋಗುತ್ತದೆ, ನಿನಗೆ ಅನ್ಯಾಯವಾಗುತ್ತದೆ. ನಿನ್ನ ಹಣ ಹಾಗೆಯೇ ಇರಲಿ. ಇನ್ನು ಹದಿನೇಳು ಕಂತು. ಬರುವ ವರ್ಷದ ಮಳೆಗಾಲಕ್ಕೆ ತೀರುತ್ತದೆ. ಅಲ್ಲಿಯವರೆಗೆ ತಾಳಿಕೋ." ತಾಳಿಕೋ ಎಂಬ ಮಾತು ಬರೆದ ಮೇಲೆ ಪೆನ್ನು ನಿಂತಿತು. ಇಪ್ಪತ್ತೇಳು ವರ್ಷದಲ್ಲಿ ಆ ಮಾತನ್ನು ಅವಳಿಗೆ ಎಷ್ಟು ಸಲ ಬರೆದಿದ್ದರೋ! ಆದರೂ ಹೊಡೆದುಹಾಕಲಿಲ್ಲ, ಹಾಗೇ ಅಂಟಿಸಿ ಅಂಚೆ ಡಬ್ಬಿಗೆ ಹಾಕಿದರು.

ಜವಾಬಿಗೆ ಜವಾಬು ಬರಲಿಲ್ಲ. ಹದಿನೈದು ದಿನ ಬಿಟ್ಟು ತುಂಗಾಳೇ ಬಂದಳು.

ಐವತ್ತರ ಹೆಂಗಸು, ಕುಂದಾಪುರ ಬಿಟ್ಟರೆ ಉಡುಪಿ ಕಂಡವಳು, ತಮಿಳಿನ ಒಂದು ಅಕ್ಷರ ಗೊತ್ತಿಲ್ಲದವಳು, ಒಬ್ಬಳೇ ಮಂಗಳೂರು ಮೇಲ್ ಹತ್ತಿ ಸೆಂಟ್ರಲ್‌ನಲ್ಲಿ ಇಳಿದಿದ್ದಳು. ಕೈಯಲ್ಲಿ ಗಂಡನ ಹಳೆಯ ಕಾಗದ, ಹಿಂದುಗಡೆ ವಿಳಾಸ. ಆಟೋದವನು ಇನ್ನೂರು ಎಂದನಂತೆ. ಇವಳು ಐದು ಬೆರಳು ತೋರಿಸಿದಳಂತೆ. ಅವನು ಬೈದ, ಇವಳು ಕನ್ನಡದಲ್ಲಿ ತಿರುಗಿ ಬೈದಳು, ಎಪ್ಪತ್ತಕ್ಕೆ ತೀರ್ಮಾನವಾಯಿತು. ಎಂಥ ಎದೆಗಾರಿಕೆ ನೋಡಿ! ಬೆಳಿಗ್ಗೆ ಎಂಟು ಗಂಟೆಯ ನೂಕುನುಗ್ಗಲಿನಲ್ಲಿ ಬಾಬು ಅಡುಗೆಮನೆಗೆ ಓಡಿ ಬಂದು, "ಸ್ವಾಮಿ, ನಿಮ್ಮ ಮನೆಯವರಂತೆ, ಆರನೇ ಟೇಬಲ್ಲು" ಎಂದಾಗ ಭಟ್ಟರಿಗೆ ಕೈಯಲ್ಲಿದ್ದ ಸೌಟು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಬಾಗಿಲ ಸಂದಿನಿಂದ ಇಣುಕಿದರು. ಹೌದು, ಅವಳೇ. ಚೀಲವನ್ನು ಮಡಿಲಲ್ಲಿ ಗಟ್ಟಿ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ಪರೀಕ್ಷೆಗೆ ಕೂತವಳ ಹಾಗೆ ಕೂತಿದ್ದಳು. ಭಟ್ಟರು ಹೊರಗೆ ಹೋಗಿ ಮಾತಾಡಿಸಲಿಲ್ಲ. ಮಾತಾಡಿಸುವುದು ಹೇಗೆಂದೇ ಹೊಳೆಯಲಿಲ್ಲ. ಕಾವಲಿಗೆ ಮರಳಿ ಬಂದು ನೀರು ಚಿಮುಕಿಸಿ ಒಂದು ದೋಸೆ ಹುಯ್ದರು. ಇಷ್ಟು ವರ್ಷದಲ್ಲಿ ಆ ಊರಿನ ಅರ್ಧ ಜನ ಅವರ ಕೈಯ ದೋಸೆ ತಿಂದಿದ್ದರು, ಕಟ್ಟಿಕೊಂಡ ಹೆಂಡತಿ ತಿಂದಿರಲಿಲ್ಲ. ರಜೆಗೆ ಹೋದಾಗ ಗಂಡಸು ಒಲೆಯ ಹತ್ತಿರ ಬಂದರೆ ಅತ್ತೆಗೆ ಆಗುತ್ತಿರಲಿಲ್ಲ. ಆ ದೋಸೆಯನ್ನು ಸಪ್ಲೈಯರ್ ಕೈಗೆ ಕೊಡದೆ ತಾವೇ ತೆಗೆದುಕೊಂಡು ಹೋದರು.

ತುಂಗಾ ಒಂದು ಚೂರು ಮುರಿದು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ಆಮೇಲೆ ಪೂರ್ತಿ ತಿಂದು ಮುಗಿಸುವವರೆಗೆ ತಲೆ ಎತ್ತಲಿಲ್ಲ.

"ಇಷ್ಟು ಒಳ್ಳೇದು ಮಾಡ್ತ್ರಿ ಅಂದ್ ನಂಗೆ ಗೊತ್ತೇ ಇರ್ಲಿಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು. ಭಟ್ಟರು "ಚಟ್ನಿ ಖಾರ ಆಯ್ತಾ?" ಎಂದು ಕೇಳಿದರು. ಇಂಥ ಪ್ರಶ್ನೆ ಕೇಳುವ ಗಂಡಸರಿಗೆ ಏನು ಹೇಳುವುದು!

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಹಿಂದಿನ ಜಗಲಿಯಲ್ಲಿ ಇಬ್ಬರೂ ಕೂತರು. ಭಟ್ಟರು ಮೈಮರೆತು ಪಂಚೆ ಮೇಲೆ ಕಟ್ಟಿದ್ದರು. ತುಂಗಾಳ ದೃಷ್ಟಿ ಅವರ ಕಾಲಿನ ಮೇಲೆ ಬಿತ್ತು.

"ಇದೆಂತ ಇದು?"

"ಏನಿಲ್ಲ. ನಿಂತು ಕೆಲಸ ಮಾಡುವವರಿಗೆಲ್ಲ ಹೀಗೇ."

"ಎಷ್ಟು ವರ್ಷದಿಂದ? ಡಾಕ್ಟರು ಎಂತ ಹೇಳಿದರು?"

"ಹೆಚ್ಚು ಹೊತ್ತು ನಿಲ್ಲಬೇಡಿ, ಮೆಟ್ಟಿಲು ಹತ್ತಬೇಡಿ ಅಂದರು."

"ಮತ್ತೆ ಒಂದೂವರೆ ವರ್ಷ ತಾಳಿಕೋ ಅಂತ ಬರೆದದ್ದು ಯಾವ ಧೈರ್ಯದಲ್ಲಿ? ಕಾಶಿಯಲ್ಲಿ ಇರುವುದೇ ಮೆಟ್ಟಿಲು. ಆಮೇಲೆ ನಿಮ್ಮನ್ನು ನಾನು ಹೊತ್ತುಕೊಂಡು ಹೋಗುವುದಾ?" ಚೀಲದಿಂದ ಬಟ್ಟೆಯ ಗಂಟು ತೆಗೆದು ಅವರ ಮುಂದೆ ಇಟ್ಟಳು. "ಪಿಗ್ಮಿ ಮುರಿಸಿ ಬಂದಿದ್ದೇನೆ. ಮೊದಲು ಆ ಅಮ್ಮನ ಸಾಲ ತೀರಿಸಿ. ಕಾಶಿಯೂ ಬೇಡ, ಗೀಶಿಯೂ ಬೇಡ. ಸಾಲ ಇಲ್ಲದಿದ್ದರೆ ಈ ಕೆಲಸ ಬಿಟ್ಟು ಮನೆಗಾದರೂ ಬಂದೀರಿ."

ಭಟ್ಟರು ಒಪ್ಪಲಿಲ್ಲ. ಹೂವಿನ ಹಣ ಮುಟ್ಟುವುದಿಲ್ಲ ಎಂದರು. ಅವಳು ಮುಟ್ಟಿ ಎಂದಳು. ಕೊನೆಗೆ, ಸಾಲ ತೀರಿದ ಮೇಲೆ ಆ ಸಾವಿರ ರೂಪಾಯಿಯನ್ನು ತಿಂಗಳು ತಿಂಗಳು ಅವಳಿಗೇ ಕೊಟ್ಟು ಪೂರಾ ತುಂಬಿಸುತ್ತೇನೆ, ಆಮೇಲೆ ಯಾತ್ರೆ ಹೋಗುವ ಎಂದು ಒಪ್ಪಂದವಾಯಿತು. ಎಲ್ಲಿ ಬಂದಂತಾಯಿತು? ಅದೇ ಒಂದೂವರೆ ವರ್ಷಕ್ಕೆ! ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

ಸಂಜೆ ಮೈಲಾಪೂರಿಗೆ ಹೋದರು. ರಮಾಬಾಯಿಯವರು ಐದು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮಂಚ ಬಿಟ್ಟು ಇಳಿದವರಲ್ಲ. ಎಪ್ಪತ್ತೆಂಟು ವಯಸ್ಸು, ನಾಲಿಗೆಗೆ ಮಾತ್ರ ಇಪ್ಪತ್ತು. ಅರವತ್ತು ವರ್ಷ ಮೈಲಾಪೂರಿನಲ್ಲಿ ಇದ್ದು ಅವರ ಕನ್ನಡದಲ್ಲಿ ತಮಿಳು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ.

"ಎನ್ನಪ್ಪಾ ಮಧ್ವಾ, ಇವತ್ತು ಒಂದನೇ ತಾರೀಕಲ್ಲವಲ್ಲ? ಇದು ಯಾರು, ತುಂಗಾವಾ? ಬಾಮ್ಮಾ, ಇಲ್ಲಿ ಮಂಚದ ಮೇಲೇ ಕೂತ್ಕೋ."

ಭಟ್ಟರು ಹದಿನೇಳು ಸಾವಿರವನ್ನು ಅವರ ಮಗ್ಗುಲಲ್ಲಿ ಇಟ್ಟು ನಮಸ್ಕಾರ ಮಾಡಿದರು. "ಇವತ್ತಿಗೆ ನಿಮ್ಮದೆಲ್ಲ ತೀರಿತು ಅಮ್ಮ."

ಮುದುಕಿ ಹಣ ನೋಡಿದರು, ಭಟ್ಟರ ಮುಖ ನೋಡಿದರು. "ಇಷ್ಟು ಒಟ್ಟಿಗೆ ಎಲ್ಲಿಂದ ಬಂತು? ನನ್ನ ಮಗ ಕೊಟ್ಟಾಂತ ಮಾತ್ರ ಹೇಳಬೇಡ, ನಾನು ನಂಬಲ್ಲ."

"ಹೂವಿನ ಹಣ ಅಮ್ಮ. ನಾನು ಉಳಿಸಿದ್ದು," ಎಂದಳು ತುಂಗಾ.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಭಟ್ಟರ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ, ಅದೂ ತಮ್ಮ ಮೇಲೆ ತಪ್ಪು ಹೊರಿಸುವ ಮಾತಾದರೆ ಕೇಳಲೇಬೇಡಿ. "ಕಾಶಿಗೆ ಹೋಗಲಿಕ್ಕೆ ಅಂತ ಇಟ್ಟುಕೊಂಡಿದ್ದಳು ಅಮ್ಮ. ನಾನೇ ಬೇಡ ಅಂದೆ. ಸಾಲ ಇಟ್ಟುಕೊಂಡು ಹೋಗಬಾರದಲ್ಲ?"

ರಮಾಬಾಯಿ ದಿಂಬಿನಿಂದ ತಲೆ ಎತ್ತಿ ಭಟ್ಟರ ಕಡೆ ತಿರುಗಿದರು.

"ಹೋದರೆ ಏನಾಗುತ್ತೆ?"

"ಪುಣ್ಯ ನಮಗೆ ಬರುವುದಿಲ್ಲ."

"ಮತ್ತೆ ಯಾರಿಗೆ ಹೋಗುತ್ತೆ?"

"ಸಾಲ ಕೊಟ್ಟವರಿಗೆ."

"ಅಂದರೆ ಯಾರಿಗಪ್ಪಾ? ಹೆಸರು ಹೇಳು."

"ನಿಮಗೆ ಅಮ್ಮ."

ಮುದುಕಿ ಕೆಂಡ ಮುಟ್ಟಿದವರ ಹಾಗೆ ಹಣದ ಬದಿಯಿಂದ ಕೈ ಸೆಳೆದುಕೊಂಡರು. "ಎತ್ತು! ಎತ್ತು ಮೊದಲು ಇದನ್ನ. ನಾನು ಮುಟ್ಟಲಿಲ್ಲ, ನೀನು ಕೊಡಲಿಲ್ಲ. ತುಂಗಾ, ನೀನು ಸಾಕ್ಷಿ, ನಾನು ಮುಟ್ಟಲಿಲ್ಲ!"

ಭಟ್ಟರು ಕಕ್ಕಾಬಿಕ್ಕಿಯಾದರು. ಮೂವತ್ತಮೂರು ತಿಂಗಳು ಎಡಗೈಯಲ್ಲಿ ಜೇಬು ಹಿಡಿದು ಬಂದವರಿಗೆ, ಸಾಲ ತೀರಿಸುವುದು ಬೇಡ ಎಂದರೆ ಹೇಗಾಗಬೇಡ!

"ಕೇಳಪ್ಪಾ," ರಮಾಬಾಯಿಯವರ ದನಿ ಈಗ ತಗ್ಗಿತ್ತು. "ಮೂರು ಸಲ ಕಾಶಿಗೆ ಹೊರಟೆ ನಾನು. ಒಂದು ಸಲ ಟಿಕೆಟ್ ಆದ ಮೇಲೆ ಇವರು ಹೋಗಿಬಿಟ್ಟರು. ಇನ್ನೊಂದು ಸಲ ಹೋಟೆಲು ಮುಚ್ಚೋ ಹಾಗಾಯ್ತು. ಮೂರನೇ ಸಲ ಈ ಸೊಂಟ. ಈಗ ಇಲ್ಲಿಂದ ಬಚ್ಚಲಿಗೆ ಹೋಗಬೇಕಂದ್ರೆ ಸೊಸೆ ಅಂಬುಜಾ ಬಂದು ಎತ್ತಬೇಕು. ನನಗೆ ಇನ್ನು ಯಾವ ಕಾಶಿ? ಯಾರಾದರೂ ನನ್ನ ಹೆಸರಲ್ಲಿ ಹೋಗಿ ಬನ್ನಿ ಅಂದರೆ ಮಗ ನಗುತ್ತಾನೆ. ನೀನು ನನ್ನ ಸಾಲ ಹೊತ್ತುಕೊಂಡೇ ಹೋಗಪ್ಪಾ. ಒಂದು ಮುಳುಗು ಹಾಕು. ಬೇಕಾದರೆ ನಿನ್ನ ಕಾಲು ಹಿಡ್ಕೋತೀನಿ."

"ಬಿಡ್ತು ಅನ್ನಿ ಅಮ್ಮ, ಬಿಡ್ತು ಅನ್ನಿ!" ಭಟ್ಟರು ಎರಡು ಹೆಜ್ಜೆ ಹಿಂದೆ ಹಾರಿದರು. ಅನ್ನ ಕೊಟ್ಟ ಮನೆಯ ಹಿರಿಯರು ಅಡುಗೆಯವನ ಕಾಲಿಗೆ ಕೈ ನೀಡಿದ್ದರು. ಹ್ಞೂಂ ಎಂದುಬಿಡಬೇಕೆಂದು ಜೀವ ಹೊಡೆದುಕೊಂಡಿತು. ಬೇರೆ ಯಾರಾದರೂ ಆದರೆ ಎಂದೇಬಿಡುತ್ತಿದ್ದರು. ಆದರೆ ಈ ಮನುಷ್ಯ ಅಲ್ಲಿಯೂ ನ್ಯಾಯ ಬಿಡಲಿಲ್ಲ ನೋಡಿ, ಅದಕ್ಕೇ ಇವರ ಕಥೆ ಹೇಳಬೇಕೆನಿಸುವುದು.

"ಸಾಲ ನನ್ನದು ಅಮ್ಮ, ಹಣ ನನ್ನದಲ್ಲ," ಎಂದರು. "ಹನ್ನೊಂದು ವರ್ಷದ ಅವಳ ದುಡಿಮೆ. ಅದರ ಪುಣ್ಯವನ್ನು ನಿಮಗೆ ಬರೆದುಕೊಡಲಿಕ್ಕೆ ನಾನು ಯಾರು? ಅವಳನ್ನು ಕೇಳಿ. ಅವಳು ಬೇಡ ಅಂದರೆ ಈ ಹಣ ನೀವು ತೆಗೆದುಕೊಳ್ಳಲೇಬೇಕು."

ರಮಾಬಾಯಿ ತುಂಗಾಳ ಕಡೆ ತಿರುಗಿದರು. ಏನೂ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲವೋ ಏನೋ, ಸುಮ್ಮನೆ ಅವಳ ಮುಖ ನೋಡಿದರು.

ತುಂಗಾ ಯೋಚಿಸಲೂ ಇಲ್ಲ. "ಆಯ್ತು ಅಮ್ಮ. ಹೋಗಿ ಬರ್ತೇವೆ," ಎಂದು ಹಣವನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿಬಿಟ್ಟಳು.

ಮುದುಕಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. "ಸಾಲದಲ್ಲಿ ಒಂದು ಪೈಸೆ ಕಡಿಮೆ ಆಗಬಾರದು ಮಧ್ವಾ, ನೆನಪಿರಲಿ. ಬರೋ ಒಂದನೇ ತಾರೀಕು ಸಾವಿರ ಹಿಡಕೊಂಡು ಬಂದೀಯಾ, ಕದ ತೆಗೆಸಲ್ಲ!" ಎಂದವರೇ ಫೋನು ತರಿಸಿ ಹೋಟೆಲಿಗೆ ಮಾಡಿದರು. "ಗುರುಚರಣಾ, ಮಧ್ವರಾಜನಿಗೆ ಹನ್ನೆರಡು ದಿನ ರಜೆ. ದೋಸೆ ಯಾರು ಹುಯ್ತಾರಾ? ನೀನೇ ಹುಯ್ಯಿ. ನಿಮ್ಮಪ್ಪ ಹುಯ್ದೇ ಆ ಹೋಟೆಲು ಕಟ್ಟಿದ್ದು."

ಟಿಕೇಟು ಮಾಡಿಸಿದವನು ಬಾಬು. ಗಂಗಾ ಕಾವೇರಿ ರೈಲಿನಲ್ಲಿ ಅವನಿಗೆ ಸಿಕ್ಕಿದ್ದು ಆರ್‌ಎಸಿ: ಕಿಟಕಿಯ ಪಕ್ಕದ ಒಂದೇ ಬರ್ತು, ಇಬ್ಬರೂ ಎದುರೆದುರು ಕೂತು ಹಂಚಿಕೊಳ್ಳಬೇಕು. ಕಾಲು ಚಾಚುವಂತಿಲ್ಲ, ಮಲಗುವಂತಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಅವನು ಸಾರಿ ಸ್ವಾಮಿ, ಸಾರಿ ಅಮ್ಮ ಎಂದು ಹತ್ತು ಸಲ ಹೇಳಿದ. ತುಂಗಾ ಪರವಾಗಿಲ್ಲ ಎಂದು ನಗುತ್ತಲೇ ಇದ್ದಳು.

ಸಂಜೆ ರೈಲು ಹೊರಟಿತು. ಭಟ್ಟರಿಗೆ ಕೂತಲ್ಲಿ ಕೂರಲಾಗಲಿಲ್ಲ. ಪುಣ್ಯದ ಮಾತು ಎದೆಯನ್ನು ಕೊರೆಯುತ್ತಿತ್ತು. ಆ ದಿನ ಮುದುಕಿಯ ಮಾತಿಗೆ ಕರಗಿ ಹ್ಞೂಂ ಅಂದಳು, ಪಾಪದವಳು. ಈಗ ಒಳಗೊಳಗೆ ಎಷ್ಟು ನೋಯುತ್ತಿದ್ದಾಳೋ ಎಂದು ಅವಳನ್ನೇ ನೋಡಿದರು. ಕಿಟಕಿಯ ಹೊರಗೆ ಎಣ್ಣೂರಿನ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣಿಸಿಕೊಂಡವು. ತುಂಗಾ ಅವನ್ನು ಬೆರಗಿನಿಂದ ನೋಡುತ್ತಿದ್ದಳು.

"ತುಂಗಾ," ಎಂದರು. ಹೆಸರು ಹಿಡಿದು ಕರೆದೇ ಎಷ್ಟೋ ಕಾಲವಾಗಿತ್ತು. "ನನ್ನಿಂದ ನಿನಗೆ ಅನ್ಯಾಯ ಆಯ್ತು. ಗಂಗೆಯಲ್ಲಿ ನೀನು ಎಷ್ಟು ಮುಳುಗಿದರೂ ಅದು ರಮಾಬಾಯಿಯವರಿಗೆ. ನಿನ್ನ ಪಾಲಿಗೆ ಏನೂ ಇಲ್ಲ. ಮುಂದಿನ ವರ್ಷ ಸಾಲ ತೀರಿಸಿ ಇನ್ನೊಂದು ಸಲ, ನಿನಗಾಗಿಯೇ..."

"ಹ್ವಾಯ್," ತುಂಗಾ ನಡುವೆಯೇ ತಡೆದಳು. "ಪುಣ್ಯ ಬೇಕು ಅಂತ ನಾನು ಯಾವಾಗ ಹೇಳಿದೆ? ಕಾಗದದಲ್ಲಿ ಎಲ್ಲಿ ಬರೆದಿದ್ದೆ?"

ಭಟ್ಟರು ನೆನಪು ಮಾಡಿಕೊಂಡರು. ಬರೆದಿರಲಿಲ್ಲ.

"ಮನೆಯಲ್ಲಿ ಇದ್ದರೆ ನಿಮಗೆ ನೂರು ಕೆಲಸ, ನೂರು ಜನ. ಹೋಟೆಲಲ್ಲಿ ಕಾವಲಿ. ಸಂಬಂಧಿಕರು, ಧಣಿ ಯಾರೂ ನಿಮ್ಮನ್ನು ಎಬ್ಬಿಸಿ ಕರೆದುಕೊಂಡು ಹೋಗದ ಒಂದು ಜಾಗ ಬೇಕಿತ್ತು ನನಗೆ. ನಾಲ್ಕು ದಿನ ಊರು ಬಿಟ್ಟು ಹೋಗುವ ಅಂದರೆ ಯಾರೂ ಬಿಡುವುದಿಲ್ಲ, ಕಾಶಿ ಅಂದರೆ ಬೇಡ ಅನ್ನುವ ಬಾಯಿ ಯಾರಿಗೂ ಇಲ್ಲ. ಅದಕ್ಕೇ ಕಾಶಿ ಅಂದೆ. ಪುಣ್ಯ ಅಷ್ಟೂ ಆ ಅಮ್ಮನಿಗೇ ಇರಲಿ, ಪಾಪ, ಅವರಿಗೆ ಬೇಕು."

ಇಕ್ಕಟ್ಟಿನ ಬರ್ತಿನಲ್ಲಿ ಇಬ್ಬರ ಮೊಣಕಾಲೂ ತಾಗಿಕೊಂಡಿದ್ದವು. ಭಟ್ಟರು ಕಣ್ಣೊರೆಸಿಕೊಂಡು ಹಿಂದಕ್ಕೆ ಒರಗಿ, ಮೊದಲ ಸಲ ಸರಿಯಾಗಿ ಕೂತರು.

"ಕಾಶಿಗೆ ಎಷ್ಟು ಹೊತ್ತಿನ ದಾರಿ?" ಎಂದು ಕೇಳಿದಳು ತುಂಗಾ.

"ಎರಡು ರಾತ್ರಿ, ನಡುವೆ ಒಂದು ಇಡೀ ಹಗಲು. ಈ ರೈಲು ತಡ ಮಾಡುವುದೂ ಉಂಟಂತೆ, ಅರ್ಧ ದಿನ ಸಹ ಆಗುತ್ತದೆ ಅಂತ ಬಾಬು ಹೇಳಿದ."

"ಆಗಲಿ," ಎಂದಳು ತುಂಗಾ. "ತಡವೇ ಆಗಲಿ."